ಕೋಟಿನ ಒಳಜೇಬು

ಮಾರ್ಚ್ 4
ಹೊಲಿಯಬೇಕಾದ ಯೂನಿಫಾರ್ಮ್ ರಾಶಿ ಹಾಗೇ ಇದೆ. ಇವರು ಮತ್ತೆ ಕಟಿಂಗ್ ಟೇಬಲ್ ಮೇಲೆ ಬೋರಲು. ಊಟವಾದ ಮೇಲೆ ಇದೇ ಗೋಳು — ಹೊಟ್ಟೆ ಹಿಂಡುತ್ತದೆ, ವಾಂತಿ, ಆಮೇಲೆ ತಾನಾಗಿ ಬಿಡುತ್ತದೆ. ಬಟ್ಟೆ ಮಡಚಿ ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಮಾಡಿ ಹೊಟ್ಟೆಗಿಟ್ಟೆ. ಮಾವನವರ ಕಾಲದಿಂದಲೂ ಅಂಗಡಿಯ ಔಷಧ ಅದೇ.
"ಡಾಕ್ಟರ್ ಹತ್ರ ಹೋಗೋಣ ರೀ."
"ಗ್ಯಾಸ್ ಕಣೇ. ಆ ಗಿರಾಕಿ ಮದುವೆ ಕೋಟು ಮುಗೀಲಿ."
ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಮಾರ್ಚ್ 7
ಈ ಸಲ ನೋವು ಬಿಡಲಿಲ್ಲ. ನಿನ್ನೆಯೆಲ್ಲ ಬಿಸಿ ಬಟ್ಟೆ ಇಟ್ಟಿದ್ದೇ ಇಟ್ಟಿದ್ದು. ಬೆಳಿಗ್ಗೆ ಹಸಿರು ವಾಂತಿ, ಉಬ್ಬಿದ ಹೊಟ್ಟೆ. ಆಸ್ಪತ್ರೆಗೆ ಓಡಿದೆವು.
ಸ್ಕ್ಯಾನ್ ನೋಡಿ ಡಾಕ್ಟರಮ್ಮ ಹೇಳಿದರು: "ಹೊಟ್ಟೆಯೊಳಗೆ ಹುಟ್ಟಿನಿಂದ್ಲೇ ಒಂದು ಜೇಬಿನಂಥ ಸಂದು ಇದೆ. ಸಣ್ಣಕರುಳು ಅದರೊಳಗೆ ನುಗ್ಗಿ ಸಿಕ್ಕಿಹಾಕ್ಕೊಂಡಿದೆ. ಬಹಳ ಅಪರೂಪ. ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಕರುಳು ಬಿಡಿಸಿ, ಆ ಬಾಯಿ ಹೊಲೀತೀವಿ."
ಆ ನೋವಲ್ಲೂ ಇವರು: "ಇಂಥ ಕಡೆ ಜೇಬಿಟ್ಟ ಟೈಲರ್ ಯಾರೋ! ನಮ್ಮಂಗಡಿಯಲ್ಲಾಗಿದ್ರೆ ಓಡಿಸ್ತಿದ್ದೆ."
ಡಾಕ್ಟರಮ್ಮ ನಕ್ಕರು. ನನಗೆ ಮೈ ಉರಿಯಿತು. ಬಿಸಿ ಬಟ್ಟೆ ವಿಷಯ ಹೇಳಿದಾಗ ಅವರ ನಗುವೂ ನಿಂತಿತು.
"ರಕ್ತ ಓಡದೇ ಇದ್ರೆ ಕರುಳು ಸತ್ತೋಗುತ್ತೆ ಅಮ್ಮ. ನಿನ್ನೇನೇ ಬರಬೇಕಿತ್ತು."

ಮಾರ್ಚ್ 8
ಆಪರೇಷನ್ ಆಗಿದೆ. ಹೊಟ್ಟೆ ಮೇಲೆ ಮೂರೇ ಪಟ್ಟಿ, ಗುಂಡಿ ಹೊಲಿದಷ್ಟು. ನೋಡಿದವರು ಏನೂ ಆಗಿಲ್ಲ ಅನ್ನಬೇಕು. ಒಳಗೆ ಮಾತ್ರ ಒಂದು ಗೇಣು ಕರುಳು ನೀಲಿಗಟ್ಟಿದೆಯಂತೆ. ಕತ್ತರಿಸಿಲ್ಲ. ಅದಕ್ಕೆ ಜೀವ ಬಂತಾ ಎಂದು ನಾಳೆ ಮತ್ತೆ ಕ್ಯಾಮೆರಾ ಬಿಟ್ಟು ನೋಡುತ್ತಾರೆ.
ಎಚ್ಚರವಾದಾಗ ಇವರು ಕೇಳಿದ್ದು — "ಕೋಟು?"
"ಹಾಳಾಗಿ ಹೋಗ್ಲಿ ನಿಮ್ಮ ಕೋಟು!" ಅತ್ತುಬಿಟ್ಟೆ.
ನನ್ನ ಬೆರಳು ಹಿಡಿದುಕೊಂಡರು. "ಒಳಜೇಬು ಒಂದೇ ಬಾಕಿ. ನೀನೇ ಹಾಕು. ಸೊಟ್ಟ ಹೊಲೀಬೇಡ."

ಮಾರ್ಚ್ 9, ಮಧ್ಯಾಹ್ನ
ಬೆಳಿಗ್ಗೆ ಇವರಿಗೆ ಜ್ವರ ಏರಿತು. ಒಳಗೆ ಕರೆದೊಯ್ದರು. ಥಿಯೇಟರ್ ಹೊರಗಿನ ಬೆಂಚಲ್ಲಿ ನಾನು, ಮಡಿಲಲ್ಲಿ ರಾತ್ರಿ ಅಂಗಡಿಯಿಂದ ತಂದ ಕೋಟು. ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ. ಜೇಬು ಹಾಕಿದೆ. ಸೊಟ್ಟ. ಬಿಚ್ಚಿದೆ. ಮತ್ತೆ ಹಾಕಿದೆ, ಮತ್ತೆ ಸೊಟ್ಟ. ಇರಲಿ. ಬಂದು ಬೈಯಲಿ. ಬಾಯ್ತುಂಬ ಬೈಯಲಿ...

ಡಾಕ್ಟರಮ್ಮ ಹೊರಗೆ ಬಂದರು. ಪಕ್ಕದಲ್ಲಿ ಕೂತರು.
"ಅಮ್ಮ, ನಿಮ್ಮ ಜೊತೆ ಬೇರೆ ಯಾರಾದ್ರೂ ಬಂದಿದಾರಾ?"
ಇಲ್ಲ ಎಂದೆ. ತಲೆ ತಗ್ಗಿಸಿ ಬರೆಯುತ್ತಲೇ ಇದ್ದೇನೆ. ಕಾಯುತ್ತಿದ್ದಾರೆ, ಪಾಪ. ತಲೆ ಎತ್ತಿದರೆ ಹೇಳಿಬಿಡುತ್ತಾರೆ. ಇನ್ನೊಂದು ಸಾಲು. ಇನ್ನೊಂದೇ