ನೀರಿಗೆ ಹೆದರದ ಫೋನು

ನ್ಯಾಮತಿ
12-11-2025, ಬುಧವಾರ

ಪ್ರೀತಿಯ ಯಜಮಾನರಿಗೆ ನಿಮ್ಮ ಲೀಲಾ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಸೊಂಟದ ನೋವು ಕಡಿಮೆಯಾಯಿತೇ? ಸೇತುವೆ ಕೆಲಸವೆಂದು ದಿನವಿಡೀ ಆ ಹಿನ್ನೀರಿನ ನಡುವೆ ನಿಂತಿರುತ್ತೀರಿ, ತಲೆಗೆ ಒಂದು ಟವೆಲನ್ನಾದರೂ ಸುತ್ತಿಕೊಳ್ಳುತ್ತೀರೋ ಇಲ್ಲವೋ. ಭಾನುವಾರ ನೀವು ನನ್ನ ಮೊಬೈಲಿಗೆ ಮಾಡಿದಾಗ ನಾನು ಎರಡು ಮಾತಾಡಿ ಇಟ್ಟುಬಿಟ್ಟೆನೆಂದು ಬೇಸರ ಮಾಡಿಕೊಂಡಿರಬೇಕು. ಕೋಪ ನಿಮ್ಮ ಮೇಲಲ್ಲ. ಫೋನಿನಲ್ಲಿ ಕೇಳುವ ನಿಮ್ಮ ದನಿಯ ಮೇಲೆ ನನಗೀಗ ನಂಬಿಕೆಯಿಲ್ಲ. ಅದಕ್ಕೇ ಈ ಕಾಲದಲ್ಲೂ ಕಾಗದ ಬರೆಯಲು ಕೂತಿದ್ದೇನೆ. ನಿಮ್ಮ ಜೊತೆ ಕೆಲಸ ಮಾಡುವ ತ್ಯಾವಣಿಗೆಯ ಪಂಚಾಕ್ಷರಪ್ಪ ರಜೆ ಮುಗಿಸಿ ನಾಳೆ ಹೊರಡುತ್ತಾರಂತೆ, ಅವರ ಕೈಯಲ್ಲೇ ಕೊಡುತ್ತೇನೆ. ನಗಬೇಡಿ, ಪೂರ್ತಿ ಓದಿ.

ಅತ್ತೆಗೆಂದು ನೀವು ತಂದ ಆ ಕಾರ್ಡ್‌ಲೆಸ್ ಫೋನಿನ ವಿಷಯ. ಅಮ್ಮನ ಕೈ ಯಾವಾಗಲೂ ನೀರಲ್ಲೇ ಇರುತ್ತದೆ, ನನ್ನ ಫೋನು ಎತ್ತುವುದೇ ಇಲ್ಲ, ಇದಾದರೆ ನೀರಿಗೆ ಬಿದ್ದರೂ ಕೆಡುವುದಿಲ್ಲ ಎಂದು ಎಷ್ಟು ಜಂಭದಿಂದ ಬಕೆಟ್ಟಿನಲ್ಲಿ ಮುಳುಗಿಸಿ ತೋರಿಸಿದ್ದಿರಿ. ಮೊದಮೊದಲು ಚೆನ್ನಾಗಿಯೇ ಇತ್ತು. ಬಟ್ಟೆ ಒಗೆಯುವಾಗ ಅತ್ತೆ ಸೋಪಿನ ಕೈಯಲ್ಲೇ ಎತ್ತುವರು. ಮಾತು ಮುಗಿದ ಮೇಲೆ ಅದನ್ನೂ ಒಂದು ಲೋಟದ ಹಾಗೆ ನಲ್ಲಿಯ ಕೆಳಗೆ ತೊಳೆದು ಬೋರಲು ಹಾಕುವರು. ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ದಸರೆಗೆ ಮುಂಚೆ ಚರಂಡಿಗೆಂದು ನಮ್ಮ ಬೀದಿ ಅಗೆದವರು ಫೋನಿನ ತಂತಿ ಕತ್ತರಿಸಿ ಹೋದರು, ಅದು ನಿಮಗೂ ಗೊತ್ತು. ಇನ್ನೂ ಯಾರೂ ಸರಿ ಮಾಡಿಲ್ಲ. ಕಿವಿಗಿಟ್ಟರೆ ಗುಂಯ್ ಎನ್ನುವ ಸದ್ದೂ ಇಲ್ಲ.

ಆದರೂ ದೀಪ ಹಚ್ಚುವ ಹೊತ್ತಿಗೆ ಅದು ರಿಂಗಾಗುತ್ತದೆ. ಕೈಕಾಲು ತೊಳೆಯಲು ಬಚ್ಚಲಿಗೆ ಹೋಗುವಾಗ ಅತ್ತೆ ಅದನ್ನು ಜೊತೆಗೇ ಒಯ್ಯುತ್ತಾರೆ, ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೆ. ಆಮೇಲೆ ಬರೀ ಹೂಂ ಮಗಾ, ಆತು ಮಗಾ ಎನ್ನುವುದು ಕೇಳುತ್ತದೆ. ಯಾರದು ಎಂದು ಕೇಳಿದ್ದಕ್ಕೆ, “ಇನ್ಯಾರು, ನಿನ್ ಗಂಡ ಪ್ರವೀಣ. ದಿನಾ ಮಾಡ್ತಾನೆ. ನಿಂಗೆ ಮಾಡಲ್ಲ ಅಂತ ಹೊಟ್ಟೆಕಿಚ್ಚಾ?” ಎಂದರು. ತಂತಿಯೇ ಇಲ್ಲವಲ್ಲ ಅತ್ತೆ ಎಂದೆ. “ನೀರಿಗೆ ಬಿದ್ರೂ ಕೆಡಲ್ಲ ಅಂದ್ಮ್ಯಾಲೆ ತಂತಿ ಹೋದ್ರೆ ಕೆಡ್ತೈತಾ?” ಎಂದು ನನ್ನನ್ನೇ ದಡ್ಡಿ ಮಾಡಿದರು. ವಯಸ್ಸಾಯಿತು, ಅಲಾರಂ ಬಡಿದುಕೊಂಡರೂ ಮಗನೇ ಅಂದುಕೊಳ್ಳುತ್ತಾರೆ ಎಂದು ನಾನು ಬಿಟ್ಟುಬಿಟ್ಟೆ.

ಶನಿವಾರ ಪಂಚಾಕ್ಷರಪ್ಪ ಬಂದು, “ದಿನಾ ಎಲ್ಲಿಂದ ಮಾಡ್ತಾನ್ ತಾಯಿ? ವಾರಕ್ಕೊಂದ್ ಸಲ ದಿಬ್ಬ ಹತ್ತಿ ಆಫೀಸಿಂದ ಮಾಡೋದೇ ದೊಡ್ಡದು” ಎಂದರು. ಅವರು ಹೊರಟ ಕೂಡಲೇ ಅತ್ತೆಯ ಬಳಿಗೆ ಹೋದೆ. ನಿಮ್ಮ ತಾಯಿಯ ಕಟ್ಟಳೆ ನಿಮಗೆ ಗೊತ್ತೇ ಇದೆ. ಮುಸ್ಸಂಜೆಯಲ್ಲಿ ಯಾರು ಹೆಸರು ಹಿಡಿದು ಕೂಗಿದರೂ ಮೂರನೇ ಸಲಕ್ಕೆ ಮುಂಚೆ ಓಗೊಡುವಂತಿಲ್ಲ, ಮನುಷ್ಯರಲ್ಲದ್ದು ಮೂರು ಸಲ ಕೂಗುವುದಿಲ್ಲ. ನೀವೇ ಎಷ್ಟು ಸಂಜೆ ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಂಡಿಲ್ಲ? ಅಂಥ ನೀವು ಇದನ್ನು ಹೇಗೆ ಎತ್ತುತ್ತೀರಿ ಅತ್ತೆ ಎಂದು ಕೇಳಿದೆ. “ಮೂರು ಸಲ ಹೊಡ್ಕೊಂಡ ಮ್ಯಾಲೇ ನಾನು ಎತ್ತೋದು. ನಂಗೇನು ತಿಳಿಯಂಗಿಲ್ವಾ?” ಎಂದರು. ಹೇಳಿ, ಇವರಿಗೆ ಹೇಗೆ ತಿಳಿಸಲಿ? ಆ ಕಡೆ ಇರುವುದು ಒಂದೇ ಸಲ ಕೂಗಿದರೂ ಸಾಕು, ಉಳಿದದ್ದನ್ನು ಯಂತ್ರವೇ ಕೂಗಿಬಿಡುತ್ತದೆ. ಅತ್ತೆ ಎಣಿಸಿ ಎಣಿಸಿಯೇ ಮೋಸ ಹೋಗಿದ್ದಾರೆ.

ನಿನ್ನೆ ನಾನು ಹಿಟ್ಟು ಬೀಸಿಸಲು ಗಿರಣಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಮನೆಯಲ್ಲಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವ ದುರುಗಕ್ಕ ಹೊನ್ನಾಳಿ ಬಸ್ಸಿನಿಂದ ಅವರನ್ನು ಇಳಿಸಿ, ಕೈ ಹಿಡಿದುಕೊಂಡು ಕರೆತಂದಳು. ಚೀಲದಲ್ಲಿ ಕಟಕು ರೊಟ್ಟಿ, ಶೇಂಗಾ ಚಟ್ನಿಪುಡಿ, ನಿಮ್ಮ ಒಂದು ಜೊತೆ ಒಣಬಟ್ಟೆ. “ಹೊನ್ನಾಳಿ ಹೊಳೆ ದಂಡೆಗೆ ಬಾ ಅಂದಾನೆ. ಲೀಲಾಗೆ ಹೇಳಬ್ಯಾಡ ಅಂದಾನೆ” ಎಂದು ಅತ್ತರು. ನಿಮ್ಮ ಮಗ ಬರುವುದಾದರೆ ಮನೆಗೇ ಬರುವುದಿಲ್ಲವೇ ಎಂದು ಜೋರು ಮಾಡಿದೆ. “ಅವನಿಗೆ ನೀರು ಬಿಟ್ಟು ಬರಾಕೆ ಆಗಲ್ಲಂತೆ” ಎಂದರು. ಈಗ ಅಮಾವಾಸ್ಯೆಗೆ, ಅಂದರೆ ನಾಳೆಯಲ್ಲ, ಮುಂದಿನ ವಾರದ ಗುರುವಾರಕ್ಕೆ, ಮತ್ತೆ ಕರೆದಿದೆಯಂತೆ. ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು ನೋಡಿದೆ. ಅತ್ತೆ ಊಟ ಬಿಟ್ಟು ಕೂತರು, ಅದು ಅಕ್ಕಿಯೊಳಗಿಂದಲೇ ಹೊಡೆದುಕೊಂಡಿತು, ತೆಗೆದುಕೊಟ್ಟೆ. ಹೋದರೆ ಅವರು ನೀರಿಗಿಳಿಯುತ್ತಾರೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಮಗ ಕರೆದರೆ ಇಳಿಯದಿರುವ ತಾಯಿಯೇ ಅವರು? ನನಗೆ ಭಯವಾಗಿದೆ. ಎರಡೂ ಕಡೆಯಿಂದ ತೆರೆಯುವ ಬಾಗಿಲ ಬೀಗವನ್ನು ಒಳಗಿನಿಂದ ಹಾಕಿಕೊಂಡು ಕಾಯುತ್ತಿದ್ದೇನೆ.

ಅತ್ತೆಯ ಆಶೀರ್ವಾದ ಬರೆಯೋಣವೆಂದರೆ ಕಾಗದದ ಸುದ್ದಿಯನ್ನೇ ಅವರಿಗೆ ತಿಳಿಸಿಲ್ಲ. ತಿಳಿಸಿದರೆ ದಿನಾ ಮಾತಾಡ್ತೀನಲ್ಲ ಎನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಸೊಂಟಕ್ಕೆ ಎಣ್ಣೆ ಹಚ್ಚಿ. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ,
ಶಿವಲೀಲಾ

ಮತ್ತೊಂದು ಮಾತು: ಮೇಲಿನದನ್ನು ಬರೆದು ಸಹಿ ಹಾಕಿದಾಗ ಅತ್ತೆ ದೇವರ ಮನೆಯಲ್ಲಿದ್ದರು. ಫೋನು ಬಚ್ಚಲ ಬಕೆಟ್ಟಿನಲ್ಲಿ ತೇಲುತ್ತಲೇ ಹೊಡೆದುಕೊಂಡಿತು. ಬೈದುಬಿಡೋಣವೆಂದು ಎತ್ತಿದೆ. “ಲೀಲಾ, ಕಾಗದ ಬರ್ದು ಮುಗೀತಾ?” ಎಂದು ಕೇಳಿತು. ನಿಮ್ಮದೇ ದನಿ, ನೀವು ಕರೆಯುವ ಹಾಗೆಯೇ. ಬಾಯಿ ಮನಸ್ಸನ್ನು ಕೇಳಲಿಲ್ಲ, ಹೂಂ ರೀ ಮುಗೀತು ಎಂದುಬಿಟ್ಟೆ. “ಹಂಗಾರೆ ಗುರುವಾರ ಅಮ್ಮನ ಜೊತೆ ನೀನೂ ಬಾ” ಎಂದಿತು. ಆಗಿನಿಂದ ನನಗೂ ಹೋಗಿ ನೋಡಿ ಬರೋಣವೆನಿಸುತ್ತಿದೆ. ಬೀಗದ ಕೈಯನ್ನು ಕಿಟಕಿಯಿಂದ ದುರುಗಕ್ಕನಿಗೆ ಕೊಟ್ಟಿದ್ದೇನೆ, ನಾನು ಕೇಳಿದರೂ ಕೊಡಬೇಡ ಎಂದಿದ್ದೇನೆ. ಇನ್ನೊಂದು ನಿಮ್ಮ ಹತ್ತಿರವಿದೆ. ಗುರುವಾರದೊಳಗೆ ಹೊರಟು ಬನ್ನಿ. ಬರುತ್ತೇನೆಂದು ಫೋನ್ ಮಾಡಬೇಡಿ. ಹೊನ್ನಾಳಿ ಮೇಲೆ ಬರಬೇಡಿ, ಶಿವಮೊಗ್ಗದ ಕಡೆಯಿಂದ ಬನ್ನಿ. ಬಾಗಿಲಲ್ಲಿ ನಿಂತು ಎಷ್ಟು ಸಲ ಕೂಗಿದರೂ ಇನ್ನು ನಾನು ಓಗೊಡುವುದಿಲ್ಲ, ನೀವೇ ಬೀಗ ತೆಗೆದು ಒಳಗೆ ಬನ್ನಿ. ಬಂದ ಕೂಡಲೇ ನಿಮ್ಮ ಬಟ್ಟೆ ಒದ್ದೆಯಿದೆಯೇ ಎಂದು ಮುಟ್ಟಿ ನೋಡುತ್ತೇನೆ, ತಪ್ಪು ತಿಳಿಯಬೇಡಿ.