ಏಳು ಹುಳುಮನೆ ಸುತ್ತಿದ ಡಬ್ಬಿ

ವಿಜಯಪುರ, ದೇವನಹಳ್ಳಿ ತಾಲ್ಲೂಕು
ಗುರುವಾರ, 28 ನವೆಂಬರ್ 2019, ಬೆಳಿಗ್ಗೆ ಒಂಬತ್ತೂವರೆ

ಪ್ರೀತಿಯ ಅಕ್ಕಾ,

ನಿನ್ನ ಹುಳುಮನೆಯಲ್ಲಿ ಇವತ್ತು ಬೆಳಿಗ್ಗೆ ಏಳು ಗಂಟೆಯವರೆಗೆ ಒಂದು ರೇಷ್ಮೆಹುಳುವೂ ಸತ್ತಿಲ್ಲ. ಹೇಳಿದವರು ಗೋವಿಂದರಾಜು ಭಾವ. ಒಂದೊಂದೇ ತಟ್ಟೆ ಎಳೆದು ನೋಡಿದರಂತೆ. ನಾನು ಒಳಗೆ ಹೋಗಲಿಲ್ಲ, ಕಿಟಕಿಯ ಹೊರಗೆ ನಿಂತು ಕೇಳಿಕೊಂಡೆ. ಯಾಕೆ ಒಳಗೆ ಹೋಗಲಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಕಾಗದ.

ಅದಕ್ಕೆ ಮೊದಲು, ಮಗು ಹೇಗಿದೆ? ಕಾಮಾಲೆ ಇದೆ, ಎರಡು ದಿನ ದೀಪದ ಕೆಳಗೆ ಮಲಗಿಸಬೇಕು ಅಂದಿದ್ದರಲ್ಲ, ಇಳಿಯಿತೇ? ಅಕ್ಷತ ಎದ್ದು ಓಡಾಡುತ್ತಿದ್ದಾಳೆಯೇ? ಮಗಳ ಬಾಣಂತನದ ಗಡಿಬಿಡಿಯಲ್ಲಿ ನೀನು ನಿನ್ನ ಸಕ್ಕರೆ ಕಾಯಿಲೆಯ ಮಾತ್ರೆ ಮರೆಯುತ್ತಿದ್ದೀಯ ಎಂದು ನನಗೆ ಅನುಮಾನ. ನಿನ್ನೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಅಕ್ಷತಳೇ ಎತ್ತಿದಳು, ಹಿಂದೆ ಮಗು ಅಳುತ್ತಿತ್ತು. ‘ಏನ್ ಮಾವ, ಸುಮ್ನೆ ಮಾಡಿದ್ರಾ?’ ಅಂದಳು. ಸುಮ್ಮನೆ ಮಾಡಿದೆ ಎಂದು ಇಟ್ಟುಬಿಟ್ಟೆ. ಪಕ್ಕದ ಮನೆ ಅನುಸೂಯಮ್ಮ ಶುಂಠಿ ಲೇಹ್ಯ ತೆಗೆದುಕೊಂಡು ಹನ್ನೊಂದೂವರೆ ಬಸ್ಸಿಗೆ ನೆಲಮಂಗಲಕ್ಕೆ ಹೊರಟಿದ್ದಾಳೆ. ಅವಳ ಕೈಲಿ ಇದನ್ನು ಕಳಿಸುತ್ತೇನೆ. ಅಕ್ಷತಳ ಎದುರು ಓದಬೇಡ.

ರೇಷ್ಮೆ ಇಲಾಖೆಯಿಂದ ನಿವೃತ್ತನಾದ ಮೇಲೆ ನಾನು ವಾರಕ್ಕೆ ಮೂರು ದಿನ ಏರ್‌ಪೋರ್ಟ್ ರಸ್ತೆಯ ಗಾಜಿನ ಕಟ್ಟಡಕ್ಕೆ ಹೋಗುವುದು ನಿನಗೆ ಗೊತ್ತು. ಅಲ್ಲಿ ಏನು ಮಾಡುತ್ತೇನೆ ಎಂದು ನೀನು ಕೇಳಿದಾಗಲೆಲ್ಲ ನಗೆಯಲ್ಲಿ ತೇಲಿಸಿದ್ದೇನೆ, ಈಗ ಸರಿಯಾಗಿ ಹೇಳುತ್ತೇನೆ. ಹೊಸದಾಗಿ ಕಂಪನಿ ಕಟ್ಟಲು ಹೊರಟ ಎಂಟು ತಂಡಗಳನ್ನು ಆರಿಸಿ, ಹನ್ನೆರಡು ವಾರ ಜಾಗ ಕೊಟ್ಟು, ಕೊನೆಗೆ ಬಂಡವಾಳ ಹಾಕುವವರ ಮುಂದೆ ನಿಲ್ಲಿಸುತ್ತಾರೆ. ಒಂದೊಂದು ತಂಡಕ್ಕೆ ಆ ಕಸುಬು ತಿಳಿದ ಒಬ್ಬ ಹಿರಿಯನನ್ನು ಮೆಂಟರ್ ಎಂದು ಇಡುತ್ತಾರೆ. ಚೈತ್ರ, ಸುನಿಲ್‌ಕುಮಾರ್ ಎಂಬ ಇಬ್ಬರ ತಂಡಕ್ಕೆ ಮೆಂಟರ್ ನಾನು. ಅವರು ಮಾಡಿರುವುದು ಒಂದು ಡಬ್ಬಿ, ನಮ್ಮ ಮನೆಯ ಉಪ್ಪಿನಕಾಯಿ ಜಾಡಿಯಷ್ಟು ದೊಡ್ಡದು. ಹುಳುಮನೆಯಲ್ಲಿಟ್ಟರೆ ಒಳಗಿನ ಪುಟ್ಟ ಫ್ಯಾನು ತಟ್ಟೆಯ ಮೇಲಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಶಾಖ ಎಷ್ಟು, ತೇವ ಎಷ್ಟು ಎಂದು ಅಳೆದು ರೈತನ ಫೋನಿಗೆ ಕಳಿಸುತ್ತದೆ. ಕೆಲಸ ಚೆನ್ನಾಗಿದೆ ಅಕ್ಕಾ. ಮೂವತ್ತೊಂದು ವರ್ಷ ಒದ್ದೆ ಬಟ್ಟೆ ನೇತುಹಾಕಿ, ಕೈಬೆರಳಿನಲ್ಲಿ ತೇವ ಅಂದಾಜು ಮಾಡಿ ರೈತರಿಗೆ ಹೇಳಿದವನು ನಾನು. ಇಂಥದ್ದು ಮೊದಲೇ ಇರಬೇಕಿತ್ತು ಅನ್ನಿಸಿತು.

ನಾಡಿದ್ದು ಶನಿವಾರ ಅವರು ಬಂಡವಾಳದವರ ಮುಂದೆ ನಿಲ್ಲಬೇಕು. ಹತ್ತು ಹುಳುಮನೆಯಲ್ಲಿ ಇಟ್ಟು ನೋಡಿದ ಲೆಕ್ಕ ತೋರಿಸಬೇಕು ಎಂದು ಕಾರ್ಯಕ್ರಮ ನಡೆಸುವವರು ಹೇಳಿದ್ದರು. ಇವರ ಹತ್ತಿರ ಇದ್ದದ್ದು ಒಂದೇ ಡಬ್ಬಿ. ಇನ್ನಷ್ಟು ಮಾಡಲು ಹದಿನೈದು ದಿನ ಬೇಕು ಅಂದರು. ಒಂದನ್ನೇ ಹತ್ತು ಮನೆಗೆ ತಿರುಗಿಸಿ ಎಂದು ಹೇಳಿದವನು ನಾನು. ಚೈತ್ರ ಸೂಲಿಬೆಲೆ ಕಡೆಯ ಹುಡುಗಿ, ಹುಳು ಕಂಡವಳು. ‘ಸಾರ್, ನಾವೇನೋ ಕಾಲ್ ತೊಳ್ಕೊಂಡು ಒಳಕ್ಕೆ ಹೋಗ್ತೀವಿ, ಡಬ್ಬಿಗೆ ಏನ್ ಮಾಡೋದು? ನೀರ್ ಬಿದ್ರೆ ಕೆಟ್ಟೋಗುತ್ತೆ’ ಅಂದಳು. ‘ಅದೇನ್ ಹುಳಾ ಮುಟ್ಟುತ್ತಾ, ಬಿಡಮ್ಮ’ ಅಂದೆ. ಒಂದು ಹುಳುಮನೆಗೆ ಹೋದವನು ಸ್ನಾನ ಮಾಡದೆ ಇನ್ನೊಂದಕ್ಕೆ ಕಾಲಿಡಬಾರದು ಎಂದು ಈ ತಾಲ್ಲೂಕಿನಲ್ಲಿ ಸಾವಿರ ಸಲ ಭಾಷಣ ಮಾಡಿದ ಬಾಯಿ ಇದು.

ಕಳೆದ ಶುಕ್ರವಾರ ಡಬ್ಬಿಯನ್ನು ಮೊದಲು ಇಟ್ಟದ್ದು ಸೊಣ್ಣಪ್ಪನ ಹುಳುಮನೆಯಲ್ಲಿ. ಇಲಾಖೆಯ ಕಾಲದಿಂದ ಪರಿಚಯದವನು, ಬೇಡ ಅನ್ನಲಿಲ್ಲ. ಆಮೇಲೆ ಕೇಳಿದವರೆಲ್ಲ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಲಕ್ಷ್ಮಯ್ಯನಂತೂ ‘ಏನ್ ಸ್ವಾಮಿ, ರಿಟೈರ್ ಆದ್ರೂ ನಿಮ್ ಕಾಟ ತಪ್ಪಲಿಲ್ವಲ್ಲ’ ಎಂದು ಮಗ್ಗುಲು ತಿರುಗಿ ಕೂತ. ಶನಿವಾರ ಸಂಜೆ ನಾನು ನೀನು ಕೊಟ್ಟು ಹೋದ ಬೀಗದ ಕೈ ತೆಗೆದುಕೊಂಡೆ. ‘ಇವ್ರ್ ಕೈಲಿ ಕೊಟ್ರೆ ಬೀಡಿ ಸೇದ್ಕೊಂಡು ಒಳಕ್ಕೆ ಹೋಗ್ತಾರೆ, ನೀನೇ ಇಟ್ಕೋ. ಸೊಪ್ಪು ಹಾಕೋರ್ ಬಿಟ್ಟು ಯಾರನ್ನೂ ಬಿಡ್ಬೇಡ’ ಎಂದು ನೀನು ಭಾವನ ಎದುರಿಗೇ ಹೇಳಿ ಕೊಟ್ಟಿದ್ದೆ. ಡಬ್ಬಿ ಭಾನುವಾರ ಬೆಳಿಗ್ಗೆಯವರೆಗೆ ನಿನ್ನ ಹುಳುಮನೆಯಲ್ಲಿತ್ತು, ಬಾಗಿಲ ಬಲಕ್ಕೆ ಮೂರನೇ ಸಾಲಿನ ಮೇಲೆ. ಹುಳು ಆಗ ಸೊಪ್ಪು ಬಿಟ್ಟು ಪೊರೆ ಕಳಚುವ ನಾಲ್ಕನೇ ಜ್ವರಕ್ಕೆ ಕೂರುವುದರಲ್ಲಿದ್ದವು. ಅಲ್ಲಿಂದ ಮುಂದೆ ಮಂಗಳವಾರದೊಳಗೆ ಇನ್ನೂ ಐದು ಮನೆಯವರು ಬಾಗಿಲು ತೆಗೆದರು.

ಮಂಗಳವಾರ ಸಂಜೆ ಸೊಣ್ಣಪ್ಪ ಫೋನ್ ಮಾಡಿದ. ‘ಸ್ವಾಮಿ, ಹುಳಾ ಸೀಮೆಸುಣ್ಣ ಆದಂಗ್ ಆಗ್ಬಿಟ್ಟವೆ, ಮುರಿದ್ರೆ ಲಟಕ್ ಅಂತವೆ’ ಅಂದ. ಕೂಡಲೇ ಹೋಗಿ ನೋಡಿದೆ, ಸುಣ್ಣಕಟ್ಟು ರೋಗ. ಅವತ್ತು ಹನ್ನೊಂದು ಹುಳು, ನಿನ್ನೆ ನಾಲ್ಕು ತಟ್ಟೆ. ಸತ್ತ ಹುಳುವಿನ ಮೇಲೆ ಏಳುವ ಆ ಬಿಳಿ ಪುಡಿ ಗಾಳಿಯಲ್ಲಿ ಹೋಗುತ್ತದೆ, ಬಟ್ಟೆಗೆ ಅಂಟಿ ಹೋಗುತ್ತದೆ, ಈ ಮಂಜು, ಜಡಿಮಳೆಯಲ್ಲಿ ಇನ್ನೂ ಬೇಗ ಹಬ್ಬುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಡಬ್ಬಿ ಅಲ್ಲಿದ್ದ ದಿನವೇ ಪುಡಿ ಅಲ್ಲಿತ್ತೋ, ಆಮೇಲೆ ಬಂದಿತೋ ಗೊತ್ತಿಲ್ಲ. ಚೈತ್ರ ಡಬ್ಬಿ ಬಿಚ್ಚಿದಳು. ಫ್ಯಾನಿನ ಮುಂದೆ ಧೂಳು ತಡೆಯಲು ಇಟ್ಟ ಹತ್ತಿಯನ್ನು ನಿನ್ನೆಯೇ ಪರೀಕ್ಷೆಗೆ ಕೊಟ್ಟು ಬಂದಿದ್ದಾಳೆ. ಇವತ್ತು ಹನ್ನೊಂದರ ಒಳಗೆ ಹೇಳುತ್ತಾರೆ.

ಅಂಟಿದ ಮೇಲೆ ರೋಗ ಕಾಣಲು ಐದರಿಂದ ಏಳು ದಿನ. ನಿನ್ನ ಹುಳುಮನೆಗೆ ಇವತ್ತು ಐದನೇ ದಿನ. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಂಕಿಗೆ ಏರಬೇಕಾದ್ದು ಸೋಮವಾರ. ಈ ಎರಡು ದಿನ ಕಳೆದರೆ ಬದುಕಿದೆವು. ನನಗೆ ಹೆದರಿಕೆಯಾಗಿದೆ ಅಕ್ಕಾ. ಮಂಗಳವಾರ ತೊಟ್ಟಿದ್ದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿಟ್ಟೆ, ಚಪ್ಪಲಿ ಸುಟ್ಟೆ, ಆದರೂ ನಿನ್ನ ಹುಳುಮನೆಯ ಹತ್ತಿರ ಹೋದರೆ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ಬೆಳಿಗ್ಗೆ ಕಿಟಕಿಗೆ ಕಿವಿಕೊಟ್ಟು ಹುಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿದ್ದೆ. ಅಷ್ಟರಲ್ಲಿ ವಿಮಾನ ಇಳಿಯಿತು. ಅದು ಹೋದ ಮೇಲೆ ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ಸದ್ದು ಬಂತು. ಭಾವ ಒಳಗಿನಿಂದ ‘ಏನಯ್ಯಾ, ಕಳ್ಳನ್ ಥರಾ ನಿಂತಿದ್ದೀಯ, ಬಾ ಒಳಕ್ಕೆ’ ಅಂದರು. ಸೊಣ್ಣಪ್ಪನ ಮನೆಗೆ ಹೋಗಿದ್ದೆ, ಬರುವುದಿಲ್ಲ ಅಂದೆ. ಸುಣ್ಣ ಎರಚಲು ಹೇಳಿದ್ದೇನೆ, ಕಿಟಕಿ ತೆಗೆಸಿದ್ದೇನೆ, ತೇವ ಕಡಿಮೆ ಮಾಡಿಸಿದ್ದೇನೆ. ಪುರುಡು ಕಳೆಯದೆ ನೀನು ಹುಳುಮನೆಗೆ ಕಾಲಿಡುವವಳಲ್ಲ. ಆದ್ದರಿಂದ ಓಡಿ ಬರಬೇಡ, ಬಂದರೂ ಅಂಗಳದಲ್ಲಿ ನಿಂತು ಸಂಕಟಪಡುವುದಷ್ಟೇ. ಹದಿನಾಲ್ಕು ವರ್ಷದಲ್ಲಿ ನಿನ್ನ ಹುಳುಮನೆಗೆ ರೋಗ ಬಂದಿಲ್ಲ ಎಂಬುದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಮಗುವಿನ ಹಣೆಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು. ಅಕ್ಷತಳಿಗೆ ಬೆಚ್ಚಗೆ ಇರಲು ಹೇಳು, ಅಳಿಯಂದಿರಿಗೆ ನನ್ನ ನಮಸ್ಕಾರ. ನೀನು ಮಾತ್ರೆ ನುಂಗು, ಊಟ ಬಿಡಬೇಡ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಕಾಂತರಾಜು

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅನುಸೂಯಮ್ಮ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಈಗ ಹತ್ತು ಐವತ್ತಕ್ಕೆ ಚೈತ್ರ ಫೋನ್ ಮಾಡಿದಳು. ಹತ್ತಿಯಲ್ಲಿ ರೋಗದ ಪುಡಿ ಇದೆಯಂತೆ. ಶನಿವಾರದವರೆಗೆ ಯಾರಿಗೂ ಹೇಳುವುದು ಬೇಡ ಎಂದು ಸುನಿಲ್‌ಕುಮಾರ್ ಅಂದನಂತೆ. ಇವಳು ಕೇಳಲಿಲ್ಲ, ಕಾರ್ಯಕ್ರಮದವರಿಗೆ ಆಗಲೇ ಹೇಳಿಬಿಟ್ಟಿದ್ದಾಳೆ. ಮಿಕ್ಕ ಮನೆಗಳಿಗೆ ಹೇಳಬೇಕಾದವನು ನಾನು. ಆ ಐದು ಮನೆಯವರು ಬಾಗಿಲು ತೆಗೆದದ್ದು ನನ್ನ ಮುಖ ನೋಡಿ ಅಲ್ಲ ಅಕ್ಕಾ. ‘ನಮ್ಮಕ್ಕ ಲಕ್ಷ್ಮೀದೇವಮ್ಮನೇ ತನ್ನ ಹುಳುಮನೆಗೆ ಬಿಟ್ಟಿದ್ದಾಳೆ, ಕೇಳಿ ನೋಡಿ’ ಅಂದೆ. ಅವರಲ್ಲಿ ಮೊದಲನೆಯವಳು ಅಮ್ಮಯಮ್ಮ ‘ಅವಳೇ ಬಿಟ್ಟಳು ಅಂದ್ಮೇಲೆ ನಂದೇನು’ ಎಂದು ಬೀಗ ತೆಗೆದಳು. ಭಾವ ಕೇಳಿದಾಗಲೂ ನಿನ್ನನ್ನು ಫೋನಿನಲ್ಲಿ ಕೇಳಿದ್ದೇನೆ, ಒಪ್ಪಿದ್ದಾಳೆ ಎಂದು ಸುಳ್ಳು ಹೇಳಿದೆ. ಅವರು ಇವತ್ತಿಗೂ ಹಾಗೇ ನಂಬಿದ್ದಾರೆ. ಯಾರಾದರೂ ನಿನಗೆ ಫೋನ್ ಮಾಡಿ ಬಯ್ದರೆ, ನನಗೇನೂ ಗೊತ್ತಿಲ್ಲ, ನನ್ನ ತಮ್ಮ ಸುಳ್ಳು ಹೇಳಿದ ಎಂದು ಹೇಳು. ನನ್ನನ್ನು ಉಳಿಸಲು ಬೇರೆ ಮಾತು ಆಡಬೇಡ. ಭಾವನಿಗೆ ಹನ್ನೆರಡಕ್ಕೆ ಹೇಳುತ್ತೇನೆ. ಅಲ್ಲಿಂದ ಐದು ಮನೆಗೂ ಹೋಗಿ ಅಂಗಳದಲ್ಲಿ ನಿಂತು ಹೇಳುತ್ತೇನೆ, ಮೊದಲು ಅಮ್ಮಯಮ್ಮನ ಮನೆ. ಮೂರು ಗಂಟೆಗೆ ಇಲಾಖೆಯವರು ತಟ್ಟೆ ನೋಡಲು ಬರುತ್ತಾರೆ.