ಕಲ್ಲಿನಲ್ಲಿ ಮೊಸರು

ಮಾರ್ಚ್ 4, ಬೆಳಗ್ಗೆ 11

ಮತ್ತೆ ಅದೇ ಸೂಜಿ, ಅದೇ ಬ್ರಷ್ಷು. ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ ಕಲ್ಲಿನ ಮಣ್ಣು ಕೆರೆಯುತ್ತ ಹನ್ನೊಂದು ವರ್ಷ. ಇವತ್ತು ಚಪ್ಪಡಿ ನಂಬರ್ 212. ಕಡಲ ತಳದ ಕೆಸರು ಕಲ್ಲಾದದ್ದು, ಕೋಟ್ಯಂತರ ವರ್ಷ ಹಳೆಯದು. ಮೇಲೊಂದು ಚೀಟಿ: ‘ಗಾಳಿಗುಳ್ಳೆಯ ಗುರುತು. ಬೇಡ.’ ನಡುವೆ ತಟ್ಟೆಯಗಲದ ದುಂಡನೆಯ ಕಲೆ. ಗುಳ್ಳೆಯಾದರೆ ಅಂಚಿನಲ್ಲಿ ಇಷ್ಟು ನೆರಿಗೆ ಯಾಕೆ?

ಮಾರ್ಚ್ 5

ಕ್ಯುರೇಟರ್ ಸರ್‌ಗೆ ತೋರಿಸಿದೆ.

“ಜೆಲ್ಲಿಫಿಶ್ ಅಂತೀರಾ? ಮೂಳೆ ಇಲ್ಲ, ಚಿಪ್ಪಿಲ್ಲ, ಮೈಯೆಲ್ಲ ನೀರು. ಕಲ್ಲಲ್ಲಿ ಉಳಿಯೋಕೆ ಏನಿದೆ ಅದಕ್ಕೆ?”

“ಅಪರೂಪಕ್ಕೆ ಉಳೀತವೆ ಸರ್. ನುಣುಪು ಕೆಸರು ಒಮ್ಮೆಲೇ ಮುಚ್ಚಿಬಿಟ್ರೆ...”

“ಸಾಕ್ಷಿ ತನ್ನಿ. ಶುಕ್ರವಾರ ಲಾರಿ ಬರುತ್ತೆ. ಬೇಡದ ಕಲ್ಲೆಲ್ಲ ಹೋಗ್ಲೇಬೇಕು, ಜಾಗ ಇಲ್ಲ.”

ನ್ಯಾಯವೇ.

ಅದೇ ದಿನ, ಸಂಜೆ

ಅತ್ತೆಗೆ ಫೋಟೊ ತೋರಿಸಿದೆ. ತಮ್ಮ ಮದುವೆಗೆ ಮುಂಚೆ ಕಡಲ ದಂಡೆಯಲ್ಲಿ ಬಲೆಗೆ ಸಿಕ್ಕ ಜೆಲ್ಲಿಫಿಶ್ ಬಿಡಿಸಿ ಎಸೆಯುತ್ತಿದ್ದವರು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

“ಮೊಸರಲ್ಲಿ ಕಲ್ಲು ಹುಡುಕೋರನ್ನ ನೋಡಿದೀನಿ ಕಣೇ. ಕಲ್ಲಲ್ಲಿ ಮೊಸರು ಹುಡುಕೋಳು ನೀನೊಬ್ಬಳೇ!”

ಆಮೇಲೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಫೋಟೊದಲ್ಲಿ ತಿಳಿಯಲ್ಲ. ನನ್ನ ಅಲ್ಲಿಗೇ ಕರ್ಕೊಂಡ್ ಹೋಗು.”

ಇಷ್ಟು ವರ್ಷ ನನ್ನ ಕೆಲಸ ಏನೆಂದು ಒಮ್ಮೆಯೂ ಕೇಳದವರು!

ಮಾರ್ಚ್ 7, ಮಧ್ಯಾಹ್ನ

ನಿನ್ನೆ ಬರೆಯಲಾಗಲಿಲ್ಲ. ಇಡೀ ದಿನ ಸೂಜಿ. ಕೂದಲೆಳೆಯಷ್ಟು ಹೆಚ್ಚು ಒತ್ತಿದರೂ ಇದ್ದದ್ದೂ ಹೋದಂತೆ.

ಇವತ್ತು ಅತ್ತೆ ಬಂದರು. ಕಲೆಯ ಮೇಲೆ ಮೆಲ್ಲಗೆ ಬೆರಳಾಡಿಸಿದರು.

“ಇಲ್ಲಮ್ಮ, ಇದು ಅದಲ್ಲ. ಅದು ದಂಡೇಲಿ ಬಿದ್ದು ಒಣಗಿದ್ರೆ ನಡುವೆ ನಾಲ್ಕು ಕುದುರೆ ಲಾಳ ಒತ್ತಿದ ಹಾಗೆ ಕಾಣುತ್ತೆ. ಇಲ್ಲಿ ಒಂದೂ ಇಲ್ಲ.”

ಸರ್ ಹೇಳಿದ್ದೇ ಸರಿ. ಬರೀ ಗುಳ್ಳೆ. ಸೂಜಿ ಎತ್ತಿಡಲು ಹೋದೆ. ಅತ್ತೆ ಮಾತ್ರ ಕುರ್ಚಿ ಬಿಡಲಿಲ್ಲ.

“ಇದಲ್ದಿದ್ರೆ ಏನಂತೆ? ಉಳಿದ ಕಡೆ ನೋಡಿದೀಯಾ? ಅವು ಒಂಟೊಂಟಿಯಾಗಿ ಬರೋವಲ್ಲ. ಬಂದ್ರೆ ದಂಡೆ ತುಂಬ ಬೀಳ್ತವೆ.”

ನೋಡಿರಲಿಲ್ಲ. ಅರ್ಧ ಚಪ್ಪಡಿಗೆ ಇನ್ನೂ ಮಣ್ಣಿನ ಹೊಪ್ಪಳಿಕೆ. ಒಂದೇ ಕಲೆಗೆ ಅಂಟಿಕೊಂಡು ಕೂತಿದ್ದೆ—ದಡ್ಡಿ.

ಮಾರ್ಚ್ 8, ಬೆಳಗ್ಗೆ 9

ಲಾರಿ ಬಂದಿದೆ. ಹೊರಗೆ ಕಲ್ಲು ಹತ್ತಿಸುವ ಸದ್ದು. ಎಡ ಮೂಲೆಯ ಹೊಪ್ಪಳಿಕೆ ಬಿಟ್ಟಿತು. ದೀಪ ಓರೆ ಮಾಡಿದೆ. ಅಂಗೈಯಗಲದ ನೆರಳು. ನಡುವೆ ಒಂದು ಲಾಳ. ಎರಡು. ಮೂರು... ನಾಲ್ಕು!

ಸರ್ ಅವರನ್ನು ಕೂಗಿ ಕರೆದೆ. ಬಗ್ಗಿ ನೋಡಿದರು. ಆಮೇಲೆ ಕಿಟಕಿಗೆ ಓಡಿದರು—ಅವರು ಓಡಿದ್ದನ್ನು ಇವತ್ತೇ ನೋಡಿದ್ದು.

“ಇಳಿಸ್ರೀ! ಹತ್ತಿಸಿದ್ದೆಲ್ಲ ಇಳಿಸಿ! ಒಂದು ಚೂರೂ ಹೋಗ್ಬಾರ್ದು!”

ಅದೇ ದಿನ, 12.30

ಅತ್ತೆಗೆ ಫೋನ್ ಮಾಡಿದೆ. “ಎಷ್ಟಿವೆ?” ಅಂತ ಮಾತ್ರ ಕೇಳಿದರು. ಎಣಿಸುತ್ತಿದ್ದೇನೆ. ಸರ್ ಪಕ್ಕದಲ್ಲಿ ದೀಪ ಹಿಡಿದು ನಿಂತಿದ್ದಾರೆ. ಮೂರು ಸ್ಪಷ್ಟ. ಕೆಳಗಿನ ಅಂಚಿನಲ್ಲಿ ಇನ್ನೊಂದು, ಅರ್ಧ ಮಣ್ಣಿನೊಳಗೆ. ಇದರಿಂದ ಏನೋ ಹೊರಟಿದೆ, ಎಳೆ ಎಳೆಯಾಗಿ... ತಡಿ, ಇದು—ಅದರ ಜೋಲುವ ಎಳೆಗಳು! ಅವೂ ಕಲ್ಲಲ್ಲಿ ಉಳಿದಿವೆ.